ದಿನಕ್ಕೆ ₹100ರ ಜಾಹೀರಾತಿನಲ್ಲಿ ಯಾವ ಮಾತು ಫೋನ್ ಬರಿಸುತ್ತದೆ? ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಗೂಗಲ್‌ನಲ್ಲಿ ಜಾಹೀರಾತು ಹಾಕುವುದು ಈಗ ಕಾಸರಗೋಡಿನ ಸಣ್ಣ ಅಂಗಡಿಯವರಿಗೂ ಗೊತ್ತು. ಹಾಕಿದ ಮೇಲೆ ಜಾಹೀರಾತಿನ ಮಾತು ಬದಲಾಯಿಸಿ ನೋಡುವಾಗ ಮಾತ್ರ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಸೋಮವಾರ ಎರಡು ಜಾಹೀರಾತು ಬರೆಯುತ್ತಾರೆ. ಗುರುವಾರ ನೋಡುವಾಗ ಒಂದಕ್ಕೆ 11 ಕ್ಲಿಕ್, ಇನ್ನೊಂದಕ್ಕೆ 6. ಕೂಡಲೇ ಆರರದ್ದನ್ನು ನಿಲ್ಲಿಸುತ್ತಾರೆ, ಗೆದ್ದದ್ದಕ್ಕೆ ಪೂರ್ತಿ ದುಡ್ಡು ಸುರಿಯುತ್ತಾರೆ, ಮುಂದಿನ ತಿಂಗಳು ನೋಡಿದರೆ ಫೋನ್ ಬರುವುದು ಮೊದಲಿನಷ್ಟೇ, ಆಮೇಲೆ "ಇದೆಲ್ಲ ಸುಮ್ನೆ ಮಾರ್ರೆ" ಅಂತ ಕೈಬಿಡುತ್ತಾರೆ. ನಾನೂ ಎರಡು ವರ್ಷ ಇದನ್ನೇ ಮಾಡಿದವನು.

ತಪ್ಪು ಇರುವುದು ಬರೆದ ಮಾತಿನಲ್ಲಿ ಅಲ್ಲ, ಎಣಿಸಿದ ರೀತಿಯಲ್ಲಿ. ದೊಡ್ಡ ಕಂಪನಿಗಳಿಗೆ ದಿನಕ್ಕೆ ಸಾವಿರಗಟ್ಟಲೆ ಕ್ಲಿಕ್ ಬರುತ್ತದೆ, ಅವರು ಒಂದು ಪದ ಬದಲಾಯಿಸಿ ಪರೀಕ್ಷೆ ಮಾಡಬಹುದು. ನಮಗೆ ದಿನಕ್ಕೆ ಹತ್ತು ಕ್ಲಿಕ್ ಬಂದರೆ ದೊಡ್ಡದು. ಹತ್ತು ಕ್ಲಿಕ್ ಇರುವವನು ಪರೀಕ್ಷೆ ಮಾಡುವ ಕ್ರಮವೇ ಬೇರೆ. ಅದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಉದಾಹರಣೆಗೆ ಬದಿಯಡ್ಕ ಕಡೆಯ ಒಂದು ಕೃಷಿ ಯಂತ್ರದ ಅಂಗಡಿ ಅಂತ ಇಟ್ಟುಕೊಳ್ಳೋಣ. ಅಡಿಕೆ ಸುಲಿಯುವ ಮೆಷಿನ್, ಕಳೆ ಕೊಚ್ಚುವ ಮೆಷಿನ್, ಫೈಬರ್ ದೋಟಿ (ಅಡಿಕೆ ಕೊಯ್ಯಲು, ಮದ್ದು ಬಿಡಲು ಬಳಸುವ ಉದ್ದ ಕೋಲು) ಮಾರುತ್ತಾರೆ. ಕೆಳಗೆ ಬರುವ ಕ್ಲಿಕ್, ಫೋನ್, ದುಡ್ಡಿನ ಅಂಕಿಗಳೆಲ್ಲ ಲೆಕ್ಕ ಅರ್ಥವಾಗಲಿ ಅಂತ ಹಾಕಿದವು. ನಿಮ್ಮ ಅಂಕಿ ನೀವೇ ಹಾಕಿಕೊಳ್ಳಬೇಕು.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಗೂಗಲ್ ಆಡ್ಸ್ ಖಾತೆ ಎಲ್ಲ ಸೆಟ್ಟಿಂಗ್ ಕೈಗೆ ಸಿಗುವ ಎಕ್ಸ್‌ಪರ್ಟ್ ಮೋಡ್‌ನಲ್ಲಿ ಇರಬೇಕು. ಹೊಸಬರನ್ನು ಗೂಗಲ್ ಹೆಚ್ಚಾಗಿ ಎಲ್ಲವನ್ನೂ ತಾನೇ ನಡೆಸುವ ಸ್ಮಾರ್ಟ್ ಕ್ಯಾಂಪೇನ್ ಕಡೆಗೆ ತಳ್ಳುತ್ತದೆ (ಕ್ಯಾಂಪೇನ್ ಅಂದರೆ ಒಂದು ಬಜೆಟ್ಟಿನ ಕೆಳಗೆ ಓಡುವ ಜಾಹೀರಾತುಗಳು). ಅದರಲ್ಲಿ ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕು ಅಂತ ಹೇಳುವ ಪದದ, ಅಂದರೆ ಕೀವರ್ಡ್‌ನ ಹಿಡಿತವೂ ನಿಮ್ಮ ಕೈಯಲ್ಲಿಲ್ಲ, ನಾನು ಹೇಳುವ ಪರೀಕ್ಷೆಯೂ ಆಗುವುದಿಲ್ಲ. ಗೂಗಲ್‌ನಲ್ಲಿ ಹುಡುಕಿದವರಿಗೆ ಕಾಣುವ ಸರ್ಚ್ ಕ್ಯಾಂಪೇನ್ ಮಾಡಿಕೊಳ್ಳಿ.

ಒಂದು ಸ್ಪ್ರೆಡ್‌ಶೀಟ್ ಬೇಕು. ಫೋನಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಮತ್ತು ದಾರ ಕಟ್ಟಿದ ಪೆನ್ನು ಬೇಕು (ದಾರ ಕಟ್ಟದಿದ್ದರೆ ಪೆನ್ನು ಮೂರನೇ ದಿನಕ್ಕೆ ಇರುವುದಿಲ್ಲ). ಮತ್ತೆ, ನಾಲ್ಕು ವಾರ ಖರ್ಚು ಮಾಡುವಷ್ಟು ದುಡ್ಡನ್ನು ಮೊದಲೇ ತೆಗೆದಿಡಿ. ಅದರ ಮೇಲೆ 18% ಜಿಎಸ್‌ಟಿ ಇದೆ, ಮರೆಯಬೇಡಿ. ಮಧ್ಯದಲ್ಲಿ ದುಡ್ಡು ಖಾಲಿಯಾಗಿ ನಾಲ್ಕು ದಿನ ಜಾಹೀರಾತು ನಿಂತರೆ ಆ ಪರೀಕ್ಷೆ ಅಲ್ಲಿಗೇ ಹಾಳು.

ಒಂದು ಎಚ್ಚರಿಕೆ. ಹಳೆಯ ವಿಡಿಯೊ, ಹಳೆಯ ಲೇಖನ ನೋಡಿ ಕೂರಬೇಡಿ. ಎರಡು ಸಿದ್ಧ ಜಾಹೀರಾತು ಬರೆದು ಎದುರುಬದುರು ಬಿಡುವ ಹಳೆಯ ಕ್ರಮ ಇತ್ತಲ್ಲ, ಆ ಜಾತಿಯ ಜಾಹೀರಾತನ್ನು ಹೊಸದಾಗಿ ಮಾಡುವುದನ್ನು ಗೂಗಲ್ 2022ರ ಜೂನ್ 30ಕ್ಕೆ ನಿಲ್ಲಿಸಿದೆ. ಈಗ ಇರುವುದು ರೆಸ್ಪಾನ್ಸಿವ್ ಜಾಹೀರಾತು. ನೀವು 15ರವರೆಗೆ ಹೆಡ್‌ಲೈನ್, 4ರವರೆಗೆ ವಿವರಣೆ ಕೊಡಬಹುದು, ಅದರಲ್ಲಿ ಯಾವುದನ್ನು ಯಾವುದಕ್ಕೆ ಜೋಡಿಸಿ ತೋರಿಸಬೇಕೆಂದು ಗೂಗಲ್ ತಾನೇ ಆರಿಸುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆಯೇ ಅರ್ಧ ಜನರ ಪರೀಕ್ಷೆ ಕೆಡುವುದು.

## ಹಂತ 1: ಮೊದಲು ಫೋನ್ ಎಣಿಸುವ ವ್ಯವಸ್ಥೆ

ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಮೊದಲು ಮಾಡಿ.

ಕ್ಲಿಕ್ ಬಂದರೆ ನಿಮ್ಮ ದುಡ್ಡು ಹೋಗುತ್ತದೆ, ಫೋನ್ ಬಂದರೆ ದುಡ್ಡು ಬರುವ ದಾರಿ ತೆರೆಯುತ್ತದೆ. ಎಷ್ಟು ಕ್ಲಿಕ್ ಅಂತ ಗೂಗಲ್ ಹೇಳುತ್ತದೆ. ಯಾವ ಮಾತು ನೋಡಿದವನು ಫೋನ್ ಮಾಡಿದ ಅಂತ ನೀವೇ ಹಿಡಿಯಬೇಕು.

ನನಗೆ ಸರಿಬಂದ ಉಪಾಯ ಇದು. ಅಂಗಡಿಯ ವೆಬ್ ಪುಟವನ್ನು ಎರಡು ಪ್ರತಿ ಮಾಡಿ, ಅಕ್ಷರ, ಚಿತ್ರ, ಬಣ್ಣ ಎಲ್ಲ ಒಂದೇ. ವ್ಯತ್ಯಾಸ ವಾಟ್ಸಾಪ್ ಬಟನ್‌ನಲ್ಲಿ ಮಾತ್ರ. ಒಂದು ಪುಟದಿಂದ ಒತ್ತಿದರೆ "ನಮಸ್ಕಾರ, ಮೆಷಿನ್ ಬಗ್ಗೆ ತಿಳಿಯಬೇಕಿತ್ತು" ಅಂತ ಮೆಸೇಜ್ ತಾನಾಗಿ ತುಂಬಿ ಬರಲಿ, ಇನ್ನೊಂದರಿಂದ "ನಮಸ್ತೆ, ಮೆಷಿನ್ ಬಗ್ಗೆ ತಿಳಿಯಬೇಕಿತ್ತು" ಅಂತ ಬರಲಿ. ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ, ನಿಮಗೆ ಮೊದಲ ಪದ ನೋಡಿದರೆ ಸಾಕು. ನೇರ ಫೋನಿಗೆ ಆದರೆ ಎರಡು ಪುಟದಲ್ಲಿ ಎರಡು ನಂಬರ್ ಹಾಕಿ, ಎರಡು ಸಿಮ್‌ನ ಫೋನ್ ಎಲ್ಲರ ಕೈಯಲ್ಲೂ ಇದೆ ಅಲ್ವಾ.

ಫೋನ್ ಬಂದ ಕೂಡಲೇ ನೋಟ್‌ಬುಕ್‌ನಲ್ಲಿ ಒಂದು ಗೆರೆ. ತಾರೀಕು, ಯಾವ ನಂಬರಿಗೆ, ಎಂತ ಕೇಳಿದರು, ಅಷ್ಟೇ. "ಎಂತ ಕೇಳಿದರು" ಅನ್ನುವುದನ್ನು ಅವರ ಬಾಯಿಯ ಮಾತಿನಲ್ಲೇ ಬರೆಯಬೇಕು. ಮುಂದೆ ನಾಲ್ಕನೇ ಹಂತದಲ್ಲಿ ಇದು ಬಂಗಾರ.

ಸಾಮಾನ್ಯ ತಪ್ಪು: ಅಂಗಡಿಯಲ್ಲಿ ಮೂರು ಜನ ಫೋನ್ ತೆಗೆಯುತ್ತಾರೆ, ಒಬ್ಬರಿಗೆ ಮಾತ್ರ ವಿಷಯ ಗೊತ್ತಿರುತ್ತದೆ. ಆ ಒಬ್ಬರು ಮದುವೆಗೆ ಹೋದ ವಾರ ಲೆಕ್ಕವೇ ಇರುವುದಿಲ್ಲ.

## ಹಂತ 2: ಭಾಷೆ, ಊರು ಬೇರೆ ಬೇರೆ ಮಾಡಿ

ನಮ್ಮ ಜಿಲ್ಲೆಯಲ್ಲಿ ಜಾಹೀರಾತು ಹಾಕುವವನಿಗೆ ಇರುವ ತೊಂದರೆ ಮೈಸೂರಿನವನಿಗೆ ಇಲ್ಲ. ಒಂದೇ ಮೆಷಿನನ್ನು ಒಬ್ಬರು "ಅಡಿಕೆ" ಅಂತ ಹುಡುಕುತ್ತಾರೆ, ಇನ್ನೊಬ್ಬರು "ಅಡಕ್ಕ" ಅಂತ, ಮತ್ತೊಬ್ಬರು ಇಂಗ್ಲಿಷಿನಲ್ಲಿ. ಅಡಿಕೆ ಅಂತ ಹುಡುಕುವವರಲ್ಲೂ ಕನ್ನಡ ಅಕ್ಷರ ಟೈಪ್ ಮಾಡುವವರಿದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿದ್ದಾರೆ. ಊರಿನ ಹೆಸರೂ ಹಾಗೆಯೇ. ನಮಗೆ ಕುಂಬಳೆ, ಮಲಯಾಳದಲ್ಲಿ ಕುಂಬಳ. ನಮಗೆ ಮಂಜೇಶ್ವರ, ಅವರಿಗೆ ಮಂಜೇಶ್ವರಂ.

ಇವರೆಲ್ಲರನ್ನೂ ಒಂದೇ ಆಡ್ ಗ್ರೂಪ್‌ಗೆ (ಕ್ಯಾಂಪೇನಿನ ಒಳಗೆ ಕೀವರ್ಡ್, ಜಾಹೀರಾತು ಒಟ್ಟಿಗೆ ಇಡುವ ಗುಂಪು) ಹಾಕಿ ಮಾತು ಪರೀಕ್ಷೆ ಮಾಡಿದರೆ, ಗೆದ್ದದ್ದು ಮಾತೋ ಭಾಷೆಯೋ ಗೊತ್ತಾಗುವುದಿಲ್ಲ. ಕನ್ನಡದ ಹುಡುಕಾಟಕ್ಕೆ ಒಂದು ಆಡ್ ಗ್ರೂಪ್, ಮಲಯಾಳಕ್ಕೆ ಒಂದು, ಇಂಗ್ಲಿಷಿಗೆ ಒಂದು ಮಾಡಿ. ಪರೀಕ್ಷೆಯನ್ನು ಜಾಸ್ತಿ ಹುಡುಕಾಟ ಇರುವ ಒಂದರಲ್ಲಿ ಮಾತ್ರ ಶುರು ಮಾಡಿ. ಅಲ್ಲಿ ಗೆದ್ದ ಮಾತನ್ನು ಉಳಿದ ಭಾಷೆಗೆ ಹಾಗೇ ಅನುವಾದ ಮಾಡಿ ಸುರಿಯಬೇಡಿ, ಅಲ್ಲಿನವರ ಚಿಂತೆ ಬೇರೆ ಇರಬಹುದು.

ಜಾಗದ ಸೆಟ್ಟಿಂಗ್ ಇನ್ನೊಂದು ಹೊಂಡ. ಗೂಗಲ್ ತಾನಾಗಿ ಇಟ್ಟಿರುವ ಆಯ್ಕೆ, ಆ ಜಾಗದಲ್ಲಿ ಇರುವವರು ಅಥವಾ ಆ ಜಾಗದ ಬಗ್ಗೆ ಆಸಕ್ತಿ ತೋರಿಸಿದವರು ಅಂತ. ಅಂದರೆ ದುಬೈಯಲ್ಲಿ ಕೂತು ಊರಿನ ಬಗ್ಗೆ ಹುಡುಕುವವನಿಗೂ ನಿಮ್ಮ ಜಾಹೀರಾತು ಕಾಣಬಹುದು. ನಮ್ಮಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುವಾಗ ಇದು ಸಣ್ಣ ವಿಷಯ ಅಲ್ಲ. ಬಟ್ಟೆ, ಬಂಗಾರದ ಅಂಗಡಿಗೆ ಅದೂ ಬೇಕಾಗಬಹುದು, ಆಗ ಅದಕ್ಕೆ ಬೇರೆ ಕ್ಯಾಂಪೇನ್ ಮಾಡಿ. ಮೆಷಿನ್ ಅಂಗಡಿಗೆ ಆ ಜಾಗದಲ್ಲಿ ಇರುವವರು ಮಾತ್ರ ಅನ್ನುವುದನ್ನು ಆರಿಸಿ.

ಸುತ್ತಮುತ್ತ ಇಷ್ಟು ಕಿಲೋಮೀಟರ್ ಅಂತ ಹಾಕುವಾಗ ನೆನಪಿರಲಿ, ಬದಿಯಡ್ಕದಿಂದ 40 ಕಿಲೋಮೀಟರ್ ಅಂದರೆ ವಿಟ್ಲ, ಪುತ್ತೂರು ಕಡೆಯೂ ಒಳಗೆ ಬರುತ್ತದೆ. ಉಪ್ಪಳದವರು ಹಾಕಿದರೆ ಅರ್ಧ ವೃತ್ತ ಸಮುದ್ರ, ಅಲ್ಲಿ ಮೀನಿಗೆ ಮೆಷಿನ್ ಬೇಡ.

## ಹಂತ 3: ನಿಮ್ಮ ಕ್ಲಿಕ್ಕಿಗೆ ಯಾವ ಪರೀಕ್ಷೆ ಸಾಧ್ಯ, ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಲ್ಲರೂ ಹಾರಿ ಹೋಗುವ ಜಾಗ ಇದು.

ಜಾಹೀರಾತು ದಿನಕ್ಕೆ 200 ಸಲ ಕಾಣುತ್ತದೆ, 100ಕ್ಕೆ 5 ಜನ ಒತ್ತುತ್ತಾರೆ ಅಂತಿಟ್ಟುಕೊಳ್ಳಿ. ದಿನಕ್ಕೆ 10 ಕ್ಲಿಕ್. ಒಂದು ಕ್ಲಿಕ್ಕಿಗೆ ₹10 ಆದರೆ ದಿನಕ್ಕೆ ₹100. ಎರಡು ಮಾತಿಗೆ ಹಂಚಿದರೆ ಒಂದೊಂದು ದಿನಕ್ಕೆ 100 ಸಲ ಕಾಣುತ್ತದೆ.

ಹೊಸ ಮಾತಿನಿಂದ 5 ಇದ್ದದ್ದು 6 ಆಗುತ್ತದೆ ಅಂತ ನಿಮ್ಮ ಆಸೆ. ಅಷ್ಟು ಸಣ್ಣ ವ್ಯತ್ಯಾಸವನ್ನು ನಂಬಿಕೆಯಿಂದ ಹಿಡಿಯಬೇಕಾದರೆ ಒಂದೊಂದು ಮಾತೂ ಸುಮಾರು 8,000 ಸಲ ಕಾಣಬೇಕು. ಅಂದರೆ 80 ದಿನ. ಅಷ್ಟರಲ್ಲಿ ಮಳೆ ಮುಗಿದು ಗಿರಾಕಿಗಳೇ ಬದಲಾಗಿರುತ್ತಾರೆ.

5 ಇದ್ದದ್ದು ಏಳೂವರೆ ಆಗುವುದಾದರೆ ಒಂದೊಂದಕ್ಕೆ ಸುಮಾರು 1,500 ಸಾಕು, 15 ದಿನ. 5 ಇದ್ದದ್ದು 10 ಆಗುವುದಾದರೆ 450ರ ಹತ್ತಿರ ಸಾಕು, ಒಂದು ವಾರದೊಳಗೆ ಮುಗಿಯುತ್ತದೆ.

ನೋಡಿ, ವ್ಯತ್ಯಾಸ ಅರ್ಧ ಆದರೆ ಬೇಕಾಗುವ ದಿನ ಸುಮಾರು ನಾಲ್ಕು ಪಟ್ಟು. ಹಾಗಾಗಿ ಸಣ್ಣ ಅಂಗಡಿಯವನು ಸಣ್ಣ ಬದಲಾವಣೆ ಪರೀಕ್ಷೆ ಮಾಡಲೇಬಾರದು. "ಕೊಳ್ಳಿ" ಅಂತ ಬರೆಯುವುದೋ "ಖರೀದಿಸಿ" ಅಂತ ಬರೆಯುವುದೋ, ಕೊನೆಗೆ ಚುಕ್ಕಿ ಬೇಕೋ ಬೇಡವೋ, ಇವೆಲ್ಲ ದುಡ್ಡಿರುವ ಕಂಪನಿಗಳ ಆಟ. ನೀವು ಪರೀಕ್ಷಿಸಬೇಕಾದದ್ದು ಫೋನನ್ನು ದುಪ್ಪಟ್ಟು ಮಾಡಬಹುದಾದ ಅಥವಾ ಅರ್ಧಕ್ಕೆ ಇಳಿಸಬಹುದಾದ ಮಾತು. ಬೆಲೆ ಹೇಳುವುದೋ ಬೇಡವೋ, ರಿಪೇರಿ ಬಗ್ಗೆ ಹೇಳುವುದೋ ಮೆಷಿನ್ ಬಗ್ಗೆ ಹೇಳುವುದೋ, ಅಷ್ಟು ದೊಡ್ಡದು.

ಲೆಕ್ಕಕ್ಕೆ ವಾರ ಸಾಕು ಅಂತ ಬಂದರೂ ಕಡಿಮೆಯೆಂದರೆ ಎರಡು ಪೂರ್ತಿ ವಾರ ಬಿಡಿ, ಫೋನ್ ಎಣಿಸುವ ಪರೀಕ್ಷೆಗೆ ನಾಲ್ಕು ವಾರ. ಭಾನುವಾರದ ಹುಡುಕಾಟ ಬೇರೆ, ಶುಕ್ರವಾರದ್ದು ಬೇರೆ.

## ಹಂತ 4: ಪರೀಕ್ಷಿಸುವ ಮಾತು ಎಲ್ಲಿಂದ ತರುವುದು

ಕುರ್ಚಿಯಲ್ಲಿ ಕೂತು ಯೋಚಿಸಿದರೆ "ಉತ್ತಮ ಗುಣಮಟ್ಟ, ಕಡಿಮೆ ಬೆಲೆ" ಅಂತಲೇ ಬರುತ್ತದೆ. ಪಕ್ಕದ ಅಂಗಡಿಯವನಿಗೂ ಅದೇ ಬರುತ್ತದೆ. ಒಂದು ಸಲ ನಿಮ್ಮ ಊರಿನ ಜಾಹೀರಾತುಗಳನ್ನೆಲ್ಲ ಸಾಲಾಗಿ ಓದಿ ನೋಡಿ, ಅಂಗಡಿಯ ಹೆಸರು ಮುಚ್ಚಿದರೆ ಯಾವುದು ಯಾರದ್ದು ಅಂತ ಹೇಳಲಾಗುವುದಿಲ್ಲ.

ಮಾತು ಇರುವುದು ಆ ನೋಟ್‌ಬುಕ್‌ನಲ್ಲಿ. ಫೋನ್ ಮಾಡಿದವರು ಬೆಲೆ ಕೇಳುವ ಮೊದಲು ಎಂತ ಕೇಳಿದರು ಅಂತ ನೋಡಿ. "ಅಣ್ಣ, ಹಾಳಾದರೆ ಎಲ್ಲಿ ಕೊಡುವುದು, ಪುನಃ ಮಂಗಳೂರಿಗೆ ಹೊರಬೇಕಾ?" "ಸಣ್ಣ ಅಡಿಕೆ ಒಡೆಯುತ್ತದಾ?" "ನಮ್ಮಲ್ಲಿ ಕರೆಂಟು ಸರಿ ಇರುವುದಿಲ್ಲ, ಪೆಟ್ರೋಲಿನದ್ದು ಉಂಟಾ?" "ನಾವು ಸುಳ್ಯದವರು, ಗಡಿ ದಾಟಿ ಸರ್ವೀಸಿಗೆ ಬರುತ್ತೀರಾ?" ಒಂದೊಂದು ಪ್ರಶ್ನೆಯೂ ಒಂದೊಂದು ಹೆಡ್‌ಲೈನ್. ಬೇರೆ ಬೇರೆ ಐದು ಜನ ಒಂದೇ ಪ್ರಶ್ನೆ ಕೇಳಿದ್ದರೆ ಬೇರೆ ಪ್ರಶ್ನೆಗಳಿಗಿಂತ ಮೊದಲು ಅದನ್ನೇ ಪರೀಕ್ಷೆಗೆ ತೆಗೆದುಕೊಳ್ಳಿ.

ಎರಡನೇ ಗಣಿ ಗೂಗಲ್ ಆಡ್ಸ್‌ನ ಒಳಗೇ ಇದೆ, ಸರ್ಚ್ ಟರ್ಮ್ಸ್ ವರದಿ. ಜನ ನಿಜವಾಗಿ ಏನು ಟೈಪ್ ಮಾಡಿದ್ದರಿಂದ ನಿಮ್ಮ ಜಾಹೀರಾತು ಕಂಡಿತು ಅಂತ ಅದು ತೋರಿಸುತ್ತದೆ. ಎಲ್ಲವನ್ನೂ ತೋರಿಸುವುದಿಲ್ಲ, ಆದರೆ ತೋರಿಸಿದಷ್ಟು ಸಾಕು. ಅಲ್ಲಿ "ಬಾಡಿಗೆಗೆ", "ಸೆಕೆಂಡ್ ಹ್ಯಾಂಡ್", "ಸಬ್ಸಿಡಿ" ಅಂತ ಕಂಡರೆ, ನೀವು ಅದನ್ನು ಕೊಡದಿದ್ದರೆ, ಆ ಪದಗಳನ್ನು ನೆಗೆಟಿವ್ ಕೀವರ್ಡ್ ಮಾಡಿ, ಅಂದರೆ ಆ ಪದ ಹುಡುಕಿದವರಿಗೆ ಜಾಹೀರಾತು ತೋರಿಸಬೇಡ ಅಂತ ಹೇಳಿ. ಈ ಗುಡಿಸುವ ಕೆಲಸ ಪರೀಕ್ಷೆಯ ಮೊದಲು ಆಗಬೇಕು. ಮಧ್ಯದಲ್ಲಿ ಗುಡಿಸಿದರೆ ಮೊದಲ ವಾರದ ಲೆಕ್ಕವೂ ಎರಡನೇ ವಾರದ ಲೆಕ್ಕವೂ ಕೂಡುವುದಿಲ್ಲ.

ಈಗ ಸ್ಪ್ರೆಡ್‌ಶೀಟ್ ತೆರೆದು ಒಂದೇ ಒಂದು ಸಾಲು ಬರೆಯಿರಿ. "ಗಿರಾಕಿಗೆ ಬೆಲೆಗಿಂತ ರಿಪೇರಿಯ ಹೆದರಿಕೆ ಜಾಸ್ತಿ, ರಿಪೇರಿ ಇಲ್ಲೇ ಅಂತ ಮೊದಲ ಹೆಡ್‌ಲೈನ್‌ನಲ್ಲಿ ಹೇಳಿದರೆ ಫೋನ್ ಜಾಸ್ತಿ ಬರುತ್ತದೆ." ಜತೆಗೆ ಯಾವ ತಾರೀಕಿಗೆ ನಿಲ್ಲಿಸುತ್ತೇನೆ, ಯಾವ ಅಂಕಿ ನೋಡಿ ತೀರ್ಮಾನ ಮಾಡುತ್ತೇನೆ. ಬರೆದಿಡದಿದ್ದರೆ ನಾಲ್ಕು ವಾರದ ಮೇಲೆ ಮನಸ್ಸು ತನಗೆ ಬೇಕಾದ ಅಂಕಿಯನ್ನೇ ಹುಡುಕಿಕೊಳ್ಳುತ್ತದೆ, ನನ್ನದಂತೂ ಹುಡುಕಿಕೊಂಡಿದೆ.

## ಹಂತ 5: ಬರೆಯುವುದು ಮತ್ತು ಪಿನ್ ಮಾಡುವುದು

ಒಂದು ಹೆಡ್‌ಲೈನ್‌ಗೆ 30 ಅಕ್ಷರ, ಒಂದು ವಿವರಣೆಗೆ 90. ಇಂಗ್ಲಿಷಿನವರಿಗೆ ಇದು ಸುಲಭ. ಕನ್ನಡದಲ್ಲಿ ನಾವು ಕಣ್ಣಿನಲ್ಲಿ ಎಣಿಸುವ ಅಕ್ಷರವೇ ಬೇರೆ, ಕಂಪ್ಯೂಟರ್ ಎಣಿಸುವುದೇ ಬೇರೆ. ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಒತ್ತು ಎಲ್ಲವೂ ಒಂದೊಂದು. "ಅಡಿಕೆ ಸುಲಿಯುವ ಮೆಷಿನ್" ಅನ್ನುವುದರಲ್ಲಿ ನಮಗೆ ಕಾಣುವುದು ಹತ್ತು ಅಕ್ಷರ, ನಡುವೆ ಎರಡು ಜಾಗ. ಕಂಪ್ಯೂಟರಿಗೆ ಅದು 20.

"ಪುತ್ತೂರು, ಸುಳ್ಯಕ್ಕೂ ಸರ್ವೀಸ್ ಇದೆ" ಅಂತ ಬರೆದರೆ 31, ಒಂದು ಜಾಸ್ತಿ. "ಇದೆ" ತೆಗೆದರೆ 27, ಅರ್ಥ ಏನೂ ಹೋಗಲಿಲ್ಲ. ಒತ್ತಕ್ಷರ ಕಡಿಮೆ ಇರುವ ಪದ ಆರಿಸಿದರೆ ಜಾಗ ಉಳಿಯುತ್ತದೆ. ಇನ್ನೊಂದು, ಬೇರೆ ಕಡೆಯಿಂದ ಕಾಪಿ ಮಾಡಿದ ಪದದಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರಬಹುದು, ಅದೂ ಎಣಿಕೆಗೆ ಬರುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಅಳಿಸಿ ಪುನಃ ಟೈಪ್ ಮಾಡಿ.

ಈಗ ಮುಖ್ಯ ವಿಷಯ. ಜಾಹೀರಾತು ಕಾಣುವಾಗ ಹೆಚ್ಚೆಂದರೆ ಮೂರು ಹೆಡ್‌ಲೈನ್, ಎರಡು ವಿವರಣೆ ಕಾಣುತ್ತದೆ. ಎಷ್ಟೋ ಸಲ ಅದಕ್ಕಿಂತ ಕಡಿಮೆ. ನೀವು ರಿಪೇರಿಯ ಮಾತನ್ನು 15ರಲ್ಲಿ ಒಂದಾಗಿ ಹಾಕಿದರೆ, ಅದು ಕೆಲವರಿಗೆ ಕಾಣುತ್ತದೆ, ಕೆಲವರಿಗೆ ಕಾಣುವುದೇ ಇಲ್ಲ. ಅದಕ್ಕೆ ಪರೀಕ್ಷಿಸುವ ಮಾತನ್ನು ಮೊದಲ ಜಾಗಕ್ಕೆ ಪಿನ್ ಮಾಡಿ, ಅಂದರೆ ಆ ಜಾಗದಲ್ಲಿ ಯಾವಾಗಲೂ ಅದೇ ಕಾಣುವಂತೆ ಕಟ್ಟಿಹಾಕಿ. ಎ ಜಾಹೀರಾತಿನಲ್ಲಿ "ಅಡಿಕೆ ಸುಲಿಯುವ ಮೆಷಿನ್" ಮೊದಲ ಜಾಗಕ್ಕೆ, ಬಿ ಜಾಹೀರಾತಿನಲ್ಲಿ "ರಿಪೇರಿ ಬದಿಯಡ್ಕದಲ್ಲೇ" ಮೊದಲ ಜಾಗಕ್ಕೆ. ಉಳಿದ ಹೆಡ್‌ಲೈನ್, ವಿವರಣೆ ಎರಡರಲ್ಲೂ ಅಕ್ಷರ ಬಿಡದೆ ಒಂದೇ ಇರಬೇಕು.

ಪಿನ್ ಮಾಡಿದ ಕೂಡಲೇ ಆಡ್ ಸ್ಟ್ರೆಂತ್ ಅನ್ನುವ ಮೀಟರಿನ ಮುಳ್ಳು ಕೆಳಗೆ ಬೀಳುತ್ತದೆ, ಗೂಗಲ್ ಬಣ್ಣ ಬಣ್ಣದಲ್ಲಿ ಹೆದರಿಸುತ್ತದೆ. ಹೆದರಬೇಡಿ. ಅದು ಎಷ್ಟು ಬಗೆಯ ಮಾತು ಕೊಟ್ಟಿದ್ದೀರಿ ಅಂತ ನೋಡುವ ಸೂಚನೆ, ಗುಣಮಟ್ಟಕ್ಕೆ ಗೂಗಲ್ ಕೊಡುವ ಅಂಕ, ಅಂದರೆ ಕ್ವಾಲಿಟಿ ಸ್ಕೋರ್, ಅಲ್ಲ. ಪರೀಕ್ಷೆ ಮುಗಿದ ಮೇಲೆ ಪಿನ್ ಬಿಚ್ಚಬಹುದು.

ತಿರಸ್ಕಾರ ಆಗುವ ತಪ್ಪುಗಳು: ಹೆಡ್‌ಲೈನ್‌ನಲ್ಲಿ ಆಶ್ಚರ್ಯ ಚಿಹ್ನೆ, ಜಾಹೀರಾತಿನ ಮಾತಿನೊಳಗೆ ಫೋನ್ ನಂಬರ್ (ಅದಕ್ಕೆ ಕಾಲ್ ಅಸೆಟ್ ಅನ್ನುವ ಬೇರೆ ಜಾಗ ಇದೆ). ಕೇರಳದಲ್ಲೇ ನಂಬರ್ ಒನ್ ಅಂತ ಬರೆದು ವೆಬ್ ಪುಟದಲ್ಲಿ ಆಧಾರ ಇಲ್ಲದಿದ್ದರೆ ಅದೂ ತಿರಸ್ಕಾರಕ್ಕೆ ದಾರಿ. ಎರಡರಲ್ಲಿ ಒಂದು ಜಾಹೀರಾತು ತಿರಸ್ಕಾರವಾಗಿ ಇನ್ನೊಂದೇ ಹತ್ತು ದಿನ ಓಡಿದ್ದನ್ನು ನೋಡದೆ "ಬಿ ಸೋತಿತು" ಅಂತ ಬರೆದಿಟ್ಟ ಬುದ್ಧಿವಂತ ನಾನೇ.

## ಹಂತ 6: ಎಕ್ಸ್‌ಪೆರಿಮೆಂಟ್ ಹಾಕುವುದು

ಎರಡು ಜಾಹೀರಾತನ್ನು ಒಂದೇ ಆಡ್ ಗ್ರೂಪ್‌ನಲ್ಲಿ ಬಿಟ್ಟರೆ ಗೂಗಲ್ ಸಮವಾಗಿ ಹಂಚುವುದಿಲ್ಲ. ತನಗೆ ಯಾವುದು ಚೆನ್ನಾಗಿ ಓಡುತ್ತದೆ ಅನಿಸಿತೋ ಅದನ್ನು ಬೇಗ ಮುಂದೆ ಮಾಡುತ್ತದೆ. ಸರದಿ ಪ್ರಕಾರ ತೋರಿಸು ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಹಾಕಿದರೂ ಸರಿ ಅರ್ಧ ಅರ್ಧ ಸಿಗುತ್ತದೆ ಅಂತ ನಂಬಬೇಡಿ.

ಸರಿಯಾದ ದಾರಿ ಎಕ್ಸ್‌ಪೆರಿಮೆಂಟ್ಸ್ ಅನ್ನುವ ಭಾಗ. ಅದು ಕ್ಯಾಂಪೇನಿನ ಒಂದು ಪ್ರತಿ ಮಾಡಿ ಎರಡನ್ನೂ ಹೋಲಿಸುತ್ತದೆ. ಹೀಗೆ ಮಾಡಿ:

1. ಓಡುತ್ತಿರುವ ಕ್ಯಾಂಪೇನನ್ನು ಆಧಾರವಾಗಿ ಆರಿಸಿ ಕಸ್ಟಮ್ ಎಕ್ಸ್‌ಪೆರಿಮೆಂಟ್ ಮಾಡಿ. ಪ್ರತಿಯಲ್ಲಿ ಮೊದಲ ಹೆಡ್‌ಲೈನ್ ಬದಲಾಯಿಸಿ, ಎರಡನೇ ಪುಟದ ವಿಳಾಸ ಹಾಕಿ. ಬೇರೆ ಏನೂ ಮುಟ್ಟಬೇಡಿ.

2. ಹಂಚಿಕೆ 50-50. "ಹೊಸದಕ್ಕೆ 10 ಸಾಕು, ರಿಸ್ಕ್ ಬೇಡ" ಅನ್ನುವುದು ದಿನಕ್ಕೆ ಹತ್ತು ಕ್ಲಿಕ್ ಇರುವವನ ಮಾತಲ್ಲ.

3. ಕುಕೀ (ಬ್ರೌಸರಿನಲ್ಲಿ ಉಳಿಯುವ ಸಣ್ಣ ಗುರುತು) ಆಧಾರದ ಹಂಚಿಕೆ ಆರಿಸಿ. ಆಗ ಒಬ್ಬ ಮನುಷ್ಯ ಒಂದೇ ಫೋನಿನಲ್ಲಿ ಎಷ್ಟು ಸಲ ಹುಡುಕಿದರೂ ಅವನಿಗೆ ಒಂದೇ ಬಗೆ ಕಾಣುತ್ತದೆ. ಮೆಷಿನ್ ಕೊಳ್ಳುವವನು ಒಂದೇ ಸಲ ಹುಡುಕಿ ಕೊಳ್ಳುವುದಿಲ್ಲ, ಐದಾರು ದಿನ ನೋಡುತ್ತಾನೆ. ಬೆಳಗ್ಗೆ ಎ, ಸಂಜೆ ಬಿ ಕಂಡರೆ ಫೋನ್ ಯಾವುದರ ಲೆಕ್ಕಕ್ಕೆ?

4. ಬಿಡ್ಡಿಂಗ್ ಕ್ರಮ, ಅಂದರೆ ಕ್ಲಿಕ್ಕಿಗೆ ಎಷ್ಟು ಕೊಡುವುದು ಅಂತ ತೀರ್ಮಾನಿಸುವ ರೀತಿ, ಎರಡೂ ಕಡೆ ಒಂದೇ.

5. ಗೂಗಲ್ ತನ್ನ ಸಲಹೆಯನ್ನು ತಾನೇ ಜಾರಿ ಮಾಡುವ ಆಟೋ ಅಪ್ಲೈ ಶಿಫಾರಸುಗಳನ್ನು ಆಫ್ ಮಾಡಿ. ತಾನಾಗಿ ಮಾತು ತಯಾರಿಸುವ ಸೌಲಭ್ಯವನ್ನೂ ಆಫ್ ಮಾಡಿ. ಇಲ್ಲದಿದ್ದರೆ ನೀವು ಬರೆಯದ ಮಾತೇ ಗೆದ್ದು ಕೂತಿರುತ್ತದೆ.

ಮೆನುವಿನ ಜಾಗ, ಬಟನ್ ಹೆಸರು ಆಗಾಗ ಬದಲಾಗುತ್ತವೆ. ಕಾಣದಿದ್ದರೆ ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿ.

## ಹಂತ 7: ಕೈ ಕಟ್ಟಿ ಕೂರುವುದು

ಎಲ್ಲಕ್ಕಿಂತ ಕಷ್ಟದ ಹಂತ.

ದಿನಾ ನೋಡಿ, ಯಾವ ದಿನ ನಿಮಗೆ ಇಷ್ಟವಾದದ್ದು ಮುಂದಿದೆಯೋ ಆ ದಿನ ನಿಲ್ಲಿಸಿದರೆ ಯಾವ ಮಾತನ್ನು ಬೇಕಾದರೂ ಗೆಲ್ಲಿಸಬಹುದು. ನಂಬಿಕೆ ಬಾರದಿದ್ದರೆ ಒಮ್ಮೆ ಎರಡೂ ಕಡೆ ಒಂದೇ ಜಾಹೀರಾತು ಹಾಕಿ ಎರಡು ವಾರ ಬಿಟ್ಟು ನೋಡಿ. ಒಂದೇ ಮಾತು, ಆದರೂ ಒಂದು ದಿನ ಇದು ಮುಂದೆ, ಒಂದು ದಿನ ಅದು ಮುಂದೆ. ಆ ಅಲುಗಾಟ ಕಣ್ಣಾರೆ ಕಂಡ ಮೇಲೆ 11ಕ್ಕೂ 6ಕ್ಕೂ ಮರುಳಾಗುವುದು ಬಿಟ್ಟುಹೋಗುತ್ತದೆ.

ಒಂದು ದಿನ ₹100ರ ಬದಲು ₹180 ಹೋದರೆ ಗಾಬರಿಯಾಗಬೇಡಿ. ಗೂಗಲ್ ಒಂದು ದಿನ ದುಪ್ಪಟ್ಟಿನವರೆಗೂ ಖರ್ಚು ಮಾಡಬಹುದು, ತಿಂಗಳಿಗೆ ಮಾತ್ರ ದಿನದ ಬಜೆಟ್ಟಿನ 30.4 ಪಟ್ಟು ಮೀರುವುದಿಲ್ಲ.

ನಿಮ್ಮದೇ ಜಾಹೀರಾತನ್ನು ನೀವೇ ಗೂಗಲ್‌ನಲ್ಲಿ ಹುಡುಕಬೇಡಿ. ಅಂಗಡಿಯವರು, ಅವರ ಮಗ, ಭಾವ, ಪಕ್ಕದ ಹೋಟೆಲಿನವರು ಎಲ್ಲ ದಿನಾ ಹುಡುಕಿ ನೋಡುವುದು ನಮ್ಮಲ್ಲಿ ಮಾಮೂಲು. ಒತ್ತದೆ ಸುಮ್ನೆ ನೋಡಿದರೂ ಕಂಡ ಲೆಕ್ಕ ಏರುತ್ತದೆ, ಒತ್ತಿದ ಶೇಕಡಾ ಇಳಿಯುತ್ತದೆ. ನೋಡಲೇಬೇಕಾದರೆ ಗೂಗಲ್ ಆಡ್ಸ್‌ನಲ್ಲೇ ಪ್ರಿವ್ಯೂ ಸಾಧನ ಇದೆ, ಅದರಲ್ಲಿ ನೋಡಿದರೆ ಲೆಕ್ಕಕ್ಕೆ ಬರುವುದಿಲ್ಲ.

ವಾರಕ್ಕೊಮ್ಮೆ ನೋಡಿ, ಅದೂ ಗೆಲುವು ಸೋಲು ನೋಡಲು ಅಲ್ಲ. ಈ ಲಕ್ಷಣಗಳಿಗೆ:

ಎರಡೂ ಕಡೆ ಕಂಡ ಸಂಖ್ಯೆ ಹತ್ತಿರ ಹತ್ತಿರ ಇದೆಯೇ? ಒಂದು 1,400, ಇನ್ನೊಂದು 900 ಇದ್ದರೆ ಎಲ್ಲೋ ಏನೋ ಕೆಟ್ಟಿದೆ. ಮೊದಲು ತಿರಸ್ಕಾರ ಆಗಿದೆಯೇ ನೋಡಿ, ಆಮೇಲೆ ಚೇಂಜ್ ಹಿಸ್ಟರಿ ತೆರೆದು ಯಾರಾದರೂ ಕೈ ಹಾಕಿದ್ದಾರೆಯೇ ನೋಡಿ.

ಒಂದೇ ದಿನ ಕ್ಲಿಕ್ ಮೂರು ಪಟ್ಟು ಆಗಿ ಫೋನ್ ಸೊನ್ನೆಯಾದರೆ, ಸರ್ಚ್ ಟರ್ಮ್ಸ್‌ನಲ್ಲಿ ಹೊಸ ಪದ ನುಗ್ಗಿರಬಹುದು.

ಹರತಾಳ, ಓಣಂ, ವಿಷು, ಎರಡು ದಿನ ಕರೆಂಟ್ ಇಲ್ಲದ ಮಳೆ, ಇವು ಬಂದರೆ ನಿಲ್ಲಿಸಬೇಡಿ, ಎರಡು ಕಡೆಗೂ ಒಂದೇ ಏಟು. ಸ್ಪ್ರೆಡ್‌ಶೀಟ್‌ನಲ್ಲಿ ಗುರುತು ಹಾಕಿ, ಒಂದು ವಾರ ಮುಂದಕ್ಕೆ ಎಳೆಯಿರಿ. ಆದರೆ ಎ ಮಾತನ್ನು ಮೇ ತಿಂಗಳಲ್ಲಿ, ಬಿ ಮಾತನ್ನು ಜುಲೈಯಲ್ಲಿ ಓಡಿಸಿ ಹೋಲಿಸುವವರಿದ್ದಾರೆ, ಅದು ಪರೀಕ್ಷೆಯೇ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿಯಲ್ಲಿ ದೋಟಿಗೆ ಬರುವ ಫೋನ್ ಯಾವ ಮಾತು ಬರೆದರೂ ಬರುತ್ತದೆ.

## ಹಂತ 8: ತೀರ್ಮಾನ

ನಿಲ್ಲಿಸುವ ತಾರೀಕು ಬಂತು. ಈಗ ಕಾಗದದ ಮೇಲೆ ಮಾಡಬಹುದಾದ ಒಂದು ಲೆಕ್ಕ. ಎರಡೂ ಮಾತು ಹತ್ತಿರ ಹತ್ತಿರ ಸಮವಾಗಿ ಕಂಡಿದ್ದರೆ ಮಾತ್ರ ಇದು ನಡೆಯುತ್ತದೆ.

ಎರಡೂ ಕಡೆಯ ಎಣಿಕೆ ಕೂಡಿಸಿ. ಎರಡರ ವ್ಯತ್ಯಾಸ ತೆಗೆದು ಅರ್ಧ ಮಾಡಿ. ಆ ಅರ್ಧವನ್ನು ಅದರಿಂದಲೇ ಗುಣಿಸಿ. ಬಂದದ್ದು ಮೊತ್ತಕ್ಕಿಂತ ದೊಡ್ಡದಾದರೆ ವ್ಯತ್ಯಾಸ ನಂಬಬಹುದು. ಚಿಕ್ಕದಾದರೆ ಅದೃಷ್ಟದ ಆಟವೂ ಇರಬಹುದು. ಎರಡು ಮಾತಿಗೂ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದಾಗ ಈ ಲೆಕ್ಕ 100ರಲ್ಲಿ ಸುಮಾರು 5 ಸಲ ಮಾತ್ರ ಸುಳ್ಳು ಹೇಳುತ್ತದೆ.

ಮೊದಲು ಹೇಳಿದ 11 ಮತ್ತು 6 ತೆಗೆದುಕೊಳ್ಳಿ. ಮೊತ್ತ 17. ವ್ಯತ್ಯಾಸ 5, ಅರ್ಧ ಎರಡೂವರೆ, ಎರಡೂವರೆ ಎರಡೂವರೆಲೆ ಆರೂಕಾಲು. 17ರ ಹತ್ತಿರಕ್ಕೂ ಬರಲಿಲ್ಲ. ಆವತ್ತು ನಿಲ್ಲಿಸಿದ ಜಾಹೀರಾತು ನಿಜವಾಗಿ ಚೆನ್ನಾಗಿದ್ದಿರಲೂಬಹುದು.

ಈಗ ಬೆಲೆಯ ಪರೀಕ್ಷೆ. ಎ ಜಾಹೀರಾತಿನಲ್ಲಿ ಬೆಲೆ ಇಲ್ಲ, ಬಿ ಜಾಹೀರಾತಿನ ಮೊದಲ ಹೆಡ್‌ಲೈನ್‌ನಲ್ಲಿ ಬೆಲೆ ಇದೆ. ನಾಲ್ಕು ವಾರದ ಮೇಲೆ ಎ 140 ಕ್ಲಿಕ್, 12 ಫೋನ್. ಬಿ 100 ಕ್ಲಿಕ್, 26 ಫೋನ್.

ಕ್ಲಿಕ್ ನೋಡಿದರೆ: ಮೊತ್ತ 240, ವ್ಯತ್ಯಾಸದ ಅರ್ಧ 20, ಇಪ್ಪತ್ತಿಪ್ಪತ್ತಲೆ 400. ಎ ಗೆದ್ದಿತು, ಅನುಮಾನವೇ ಇಲ್ಲ. ಫೋನ್ ನೋಡಿದರೆ: ಮೊತ್ತ 38, ಅರ್ಧ 7, ಏಳೇಳಲೆ 49. ಬಿ ಗೆದ್ದಿತು, ಅದಕ್ಕೂ ಅನುಮಾನ ಇಲ್ಲ. ಕ್ಲಿಕ್ಕಿಗೆ ₹10ರ ಲೆಕ್ಕದಲ್ಲಿ ಎ ತಂದ ಒಂದು ಫೋನಿಗೆ ₹117 ಬಿತ್ತು, ಬಿ ತಂದದ್ದಕ್ಕೆ ₹38. ಬೆಲೆ ನೋಡಿ "ಅಬ್ಬ, ನಮಗಲ್ಲ" ಅಂದವರು ಒತ್ತಲೇ ಇಲ್ಲ, ಅವರಿಗಾಗಿ ನೀವು ದುಡ್ಡೂ ಕೊಡಲಿಲ್ಲ. ಬರೀ ಕ್ಲಿಕ್ ಶೇಕಡಾ ನೋಡುವವನು ಇಲ್ಲಿ ಕಣ್ಣು ಮುಚ್ಚಿ ಎ ಆರಿಸುತ್ತಾನೆ, ಮೊದಲನೇ ಹಂತದ ನೋಟ್‌ಬುಕ್ ಇಲ್ಲದಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ.

ಫೋನ್ ಎಣಿಕೆ ತುಂಬ ಕಡಿಮೆ, 5 ಮತ್ತು 3, ಅಂಥ ಹೊತ್ತಿಗೆ ಏನು ಮಾಡುವುದು? ಗೊತ್ತಾಗಲಿಲ್ಲ ಅಂತ ಬರೆದಿಡಿ. ಇನ್ನೂ ಎರಡು ವಾರ ಎಳೆಯುವುದಾದರೆ ಎಳೆಯಿರಿ, ಒಂದೇ ಸಲ. ಆಗಲೂ ಗೊತ್ತಾಗದಿದ್ದರೆ ಆ ಎರಡು ಮಾತಿನ ನಡುವೆ ನಿಮ್ಮ ಅಂಗಡಿಗೆ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ ಇಲ್ಲ, ಇಷ್ಟವಾದದ್ದನ್ನು ಇಟ್ಟುಕೊಂಡು ಬೇರೆ ಮಾತಿಗೆ ಹೋಗಿ.

ಕಂಡ ಸಂಖ್ಯೆ ಸಮ ಇಲ್ಲದಿದ್ದರೆ ಈ ಕಾಗದದ ಲೆಕ್ಕ ಬೇಡ. ಎ/ಬಿ ಟೆಸ್ಟ್ ಕ್ಯಾಲ್ಕುಲೇಟರ್ ಅಂತ ಹುಡುಕಿದರೆ ಉಚಿತವಾಗಿ ಸಿಗುತ್ತವೆ, ನಾಲ್ಕು ಅಂಕಿ ಹಾಕಿದರೆ ಹೇಳುತ್ತವೆ.

## ಹಂತ 9: ಮುಂದಿನ ಮಾತು

ಗೆದ್ದ ಮಾತನ್ನು ಮುಖ್ಯ ಕ್ಯಾಂಪೇನ್‌ಗೆ ಸೇರಿಸಿ. ಸೋತದ್ದನ್ನು ಅಳಿಸಬೇಡಿ, ತಾರೀಕು, ಕಾಲ, ಎಣಿಕೆ ಸಮೇತ ಸ್ಪ್ರೆಡ್‌ಶೀಟ್‌ನಲ್ಲಿ ಇರಲಿ. ಮಳೆಗಾಲದಲ್ಲಿ ಸೋತ ಮಾತು ಅಂಗಳದಲ್ಲಿ ಅಡಿಕೆ ಒಣಗುವ ಕಾಲಕ್ಕೆ ಗೆಲ್ಲಬಹುದು. ವರ್ಷ ಕಳೆದ ಮೇಲೆ ಅದೇ ಮಾತನ್ನು ಹೊಸದೆಂದುಕೊಂಡು ಪುನಃ ಪರೀಕ್ಷಿಸುವ ಖರ್ಚೂ ಉಳಿಯುತ್ತದೆ.

ಕ್ರಮ ನಾನು ಇಡುವುದು ಹೀಗೆ: ಮೊದಲು ಬೆಲೆ ಹೇಳುವುದೋ ಬೇಡವೋ, ಆಮೇಲೆ ಗಿರಾಕಿಯ ಹೆದರಿಕೆಯ ಮಾತು, ಆಮೇಲೆ ಊರಿನ ಹೆಸರು. ವಿವರಣೆಯ ಸಾಲುಗಳನ್ನು ಕೊನೆಗೆ, ಸಮಯ ಇದ್ದರೆ. ಒಂದು ಪರೀಕ್ಷೆಗೆ ನಾಲ್ಕು ವಾರ ಅಂದರೆ ವರ್ಷಕ್ಕೆ ಹತ್ತು ಹನ್ನೆರಡಷ್ಟೇ ಸಿಗುತ್ತವೆ, ಎರಡು ಪರೀಕ್ಷೆಯನ್ನು ಒಟ್ಟಿಗೆ ಒಂದೇ ಆಡ್ ಗ್ರೂಪ್‌ನಲ್ಲಿ ತುರುಕಬೇಡಿ. ನಡುವೆ ಒಂದು ವಾರ ಬಿಡುವು ಕೊಡಿ, ಆ ವಾರದಲ್ಲಿ ನೋಟ್‌ಬುಕ್ ಓದಿ. ಮೊನ್ನೆ ಓದುವಾಗ ಒಂದೇ ಪುಟದಲ್ಲಿ ಮೂರು ಜನ "ಹೆಂಗಸರಿಗೆ ಒಬ್ಬರಿಗೇ ನಡೆಸಲಿಕ್ಕೆ ಆಗ್ತದಾ?" ಅಂತ ಕೇಳಿದ್ದು ಕಂಡಿತು. ಮುಂದಿನ ತಿಂಗಳ ಬಿ ಜಾಹೀರಾತಿಗೆ ಮೊದಲ ಹೆಡ್‌ಲೈನ್ ಅದೇ.